ನಮ್ಮೂರಾಗ ನೋಡೂದೇನೈತ್ರಿ?

ಸ್ಪಿತಿಯಿಂದ ವಾಪಸ್ ಬಂದ ಮೊದಲ ಸೋಮವಾರ. ಆಫೀಸಿನ ಕ್ಯಾಂಟೀನಿನಲ್ಲಿ ನನ್ನ ಫೋನು ಕೈಯಿಂದ ಕೈಗೆ ಹೋಗುತ್ತಿತ್ತು. ಕೀ ಗೊಂಪಾ, ಚಂದ್ರತಾಲ್ ಸರೋವರ, ಹಿಕ್ಕಿಂ ಪೋಸ್ಟ್ ಆಫೀಸಿನ ಮುಂದೆ ಹಲ್ಲು ಕಿಸಿದು ನಿಂತ ನಾನು. ಎಲ್ಲರೂ ‘ಸೂಪರ್ ಗುರು’ ಅಂದರು. ಆಮೇಲೆ ಟೀಮಿಗೆ ಹೊಸದಾಗಿ ಸೇರಿದ ಮಂಗಳೂರಿನ ಹುಡುಗಿ ಕೇಳಿದಳು: “ನಿಮ್ಮ ಊರು ಯಾವುದು? ಅಲ್ಲಿ ನೋಡ್ಲಿಕ್ಕೆ ಏನುಂಟು?”

“ಸಿಂದಗಿ ಕಡೆ. ಏನಿಲ್ಲ ಬಿಡಿ, ಬರೀ ಬಿಸಿಲು” ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ನಗು ಇನ್ನೂ ಗಂಟಲಲ್ಲೇ ಸಿಕ್ಕಿಕೊಂಡಿದೆ. ಅದಕ್ಕೇ ಇದನ್ನ ಬರೀತಿದ್ದೀನಿ. ಇದು ನನಗೆ ನಾನೇ ಬೈದುಕೊಳ್ಳೋದು. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಸ್ಲೀಪರ್ ಬಸ್ ಹತ್ತಿ ಬಂದು ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಬೆನ್ನಿಗೇರಿಸಿಕೊಂಡ ನಿಮಗೂ ನಾಲ್ಕು ಮಾತು ತಗುಲಿದರೆ ತಗುಲಲಿ.

ಮೊದಲು ತಾಬೊ ಕತೆ ಹೇಳ್ತೀನಿ. ಸ್ಪಿತಿ ನದಿಯ ದಂಡೆಯಲ್ಲಿ ಒಂದು ಬೌದ್ಧ ವಿಹಾರ. ಕಟ್ಟಿದ್ದು ಕ್ರಿ.ಶ. 996ರಲ್ಲಿ. ಹೊರಗಿನಿಂದ ನೋಡಿದರೆ ಖರೇನೇ ನಿರಾಸೆ ಆಗುತ್ತೆ. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ನಮ್ಮ ಕಡೆಯ ಹಳೇ ಮಾಳಿಗೆ ಮನೆ ಇದ್ದ ಹಾಗೇ. ಒಳಗೆ ಹೋದರೆ ಕತ್ತಲೆ. ಟಾರ್ಚ್ ಬೆಳಕು ಗೋಡೆಗೆ ಬಿದ್ದಾಗ ಸಾವಿರ ವರ್ಷದ ಬಣ್ಣ ಎದ್ದು ಬರುತ್ತೆ. ಫೋಟೋ ತೆಗೆಯೋ ಹಾಗಿಲ್ಲ. 1975ರ ಭೂಕಂಪದಲ್ಲಿ ಪೆಟ್ಟು ತಿಂದರೂ ಆ ಊರಿನವರು ಅದನ್ನ ಬಿಟ್ಟುಕೊಡಲಿಲ್ಲ. ಇವತ್ತಿಗೂ ಅಲ್ಲಿ ಲಾಮಾಗಳಿದ್ದಾರೆ, ಪಾಠ ನಡೆಯುತ್ತೆ. “ಸಾವಿರ ವರ್ಷದಿಂದ ಇಲ್ಲಿ ಕಲಿಸ್ತಾ ಇದ್ದಾರೆ” ಅಂತ ನಮ್ಮ ಡ್ರೈವರ್ ಎದೆಯುಬ್ಬಿಸಿ ಹೇಳಿದ. ನಾನು ಕೈ ಮುಗಿದೆ. ಇಂಥದ್ದೊಂದು ನಮ್ಮ ಕಡೆ ಇಲ್ಲವಲ್ಲ ಅಂತ ಹೊಟ್ಟೆ ಉರಿದುಕೊಂಡೆ.

ಬೆಂಗಳೂರಿಗೆ ಬಂದ ಮೇಲೆ ಒಂದು ರಾತ್ರಿ, ಪ್ರಾಚೀನ ಭಾರತದ ಶಿಕ್ಷಣದ ಬಗ್ಗೆ ಎ.ಎಸ್. ಆಲ್ಟೇಕರ್ ಬರೆದ ಪುಸ್ತಕ ತಿರುವಿ ಹಾಕ್ತಿದ್ದೆ. ಅದರಲ್ಲಿ ಒಂದು ಊರಿನ ಹೆಸರು ಕಣ್ಣಿಗೆ ಹೊಡೆಯಿತು. ಸಾಲೋಟಗಿ. ಇಂಡಿ ತಾಲೂಕು!

ಸಾಲೋಟಗಿಯ ಕಂಬಶಾಸನ ಕ್ರಿ.ಶ. 945ರದ್ದು. ಅಂದರೆ ತಾಬೊಗಿಂತ 51 ವರ್ಷ ಹಿರಿದು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣ ಅನ್ನುವವನು ಅಲ್ಲಿ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಸತಿಗೆ 27 ಮನೆ. ಉಪಾಧ್ಯಾಯನಿಗೆ 50 ನಿವರ್ತನ ಭೂಮಿ. ಸಂಜೆ ದೀಪ ಉರಿಸಲಿಕ್ಕೆಂದೇ ಬೇರೆ 12 ನಿವರ್ತನ. ಊರಲ್ಲಿ ಮದುವೆಯಾದರೆ 5 ನಾಣ್ಯ, ಮುಂಜಿಯಾದರೆ ಎರಡೂವರೆ, ಚೌಲಕ್ಕೆ ಅದರ ಅರ್ಧ. ಇದೆಲ್ಲ ಶಾಲೆಯ ಖರ್ಚಿಗೆ.

ಹಾಸ್ಟೆಲ್, ಸಂಬಳ, ಲೈಟ್ ಬಿಲ್, ಊರಿನ ವಂತಿಗೆ. ಎಲ್ಲಾ ಲೆಕ್ಕ ಕಲ್ಲಿನ ಮೇಲಿದೆ. ಎಪಿಗ್ರಾಫಿಯಾ ಇಂಡಿಕಾದಲ್ಲಿ ಅಚ್ಚಾಗಿಯೇ ನೂರು ವರ್ಷ ದಾಟಿದೆ. ಗುಟ್ಟೇನಲ್ಲ. ನಾನು ಇಂಡಿ ಮೇಲೆ ಎಷ್ಟು ಸಲ ಹಾದು ಹೋಗಿದ್ದೀನೋ ಲೆಕ್ಕವಿಲ್ಲ. ಇಂಡಿ ಅಂದರೆ ನಿಂಬೆಹಣ್ಣು ಅಂತ ಮಾತ್ರ ಗೊತ್ತಿತ್ತು. ತಾಬೊದ 996 ಮಾತ್ರ ನನ್ನ ಸ್ಟೇಟಸ್‌ನಲ್ಲಿತ್ತು.

“ಆಯ್ತಪ್ಪ, ಮತ್ತೆ ಶುರು ಆಯ್ತು, ನಮ್ಮ ಪೂರ್ವಿಕರು ಭಾರೀ ಅನ್ನೋ ಭಜನೆ” ಅಂತ ನೀವು ಅಂದ್ಕೋತಿದ್ರೆ, ಸ್ವಲ್ಪ ತಡೀರಿ. ಆ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಅದು ವೇದ ಕಲಿಯುವವರ ಶಾಲೆ. ನನ್ನ ಅಜ್ಜನ ಅಜ್ಜನಂಥವರಿಗೆ ಅಲ್ಲಿ ಹೊಲ ಉಳುವ ಕೆಲಸ ಸಿಕ್ಕಿರಬಹುದು, ಪಾಠ ಸಿಗುತ್ತಿರಲಿಲ್ಲ. ಇದನ್ನ ಮುಚ್ಚಿಟ್ಟು ಹೆಮ್ಮೆ ಪಡಲಿಕ್ಕೆ ನನಗೆ ಮನಸ್ಸಿಲ್ಲ. ನಿಜಕ್ಕೂ ಕತೆ ರುಚಿಗಟ್ಟೋದು ಇಲ್ಲಿಂದಲೇ.

ಸಾಲೋಟಗಿಯಲ್ಲಿ ಮುಂಜಿಗೆ ಎರಡೂವರೆ ನಾಣ್ಯ ಕಟ್ಟಿಸಿಕೊಂಡ ಮೇಲೆ ಹೆಚ್ಚುಕಡಿಮೆ ಇನ್ನೂರು ವರ್ಷ ಬಿಟ್ಟು, ಈಗ ಅದೇ ಜಿಲ್ಲೆಯಲ್ಲಿರೋ ಬಾಗೇವಾಡಿಯಲ್ಲಿ ಒಬ್ಬ ಹುಡುಗ ಮುಂಜಿಯನ್ನೇ ಒಲ್ಲೆ ಅಂದ ಅಂತ ಪರಂಪರೆ ಹೇಳುತ್ತೆ. ಆ ಹುಡುಗ ಬಸವಣ್ಣ. ಇನ್ನು ನಮ್ಮ ಹಳೇ ಸಿಂದಗಿ ತಾಲೂಕಿನ ದೇವರ ಹಿಪ್ಪರಗಿ ಮಡಿವಾಳ ಮಾಚಿದೇವರ ಊರು. ಬಟ್ಟೆ ಮಡಿ ಮಾಡುವ ಕಾಯಕದವರು. ಕಲ್ಯಾಣದಿಂದ ಶರಣರು ಚದುರಿದಾಗ ವಚನದ ಕಟ್ಟುಗಳನ್ನು ಉಳಿಸಲು ಸೈನ್ಯಕ್ಕೆ ಎದುರು ನಿಂತವರು ಅಂತ ಅವರನ್ನ ಇವತ್ತಿಗೂ ನೆನೆಯುತ್ತಾರೆ. ಮುದ್ದೇಬಿಹಾಳ ತಾಲೂಕಿನ ತಂಗಡಗಿ, ಕೃಷ್ಣೆಯ ದಂಡೆ, ನೀಲಾಂಬಿಕೆ ಐಕ್ಯರಾದ ಜಾಗ. ಅದೇ ಹೆಸರನ್ನ ನಾವು ಹೈಸ್ಕೂಲಿನಲ್ಲಿ ಬೇರೆ ಪಾಠದಲ್ಲಿ ಬಾಯಿಪಾಠ ಹೊಡೆದಿದ್ದೆವು: ರಕ್ಕಸ-ತಂಗಡಗಿ, 1565ರ ಜನವರಿ 23. ಪುಸ್ತಕಗಳಲ್ಲಿ ತಾಳಿಕೋಟೆ ಯುದ್ಧ. ತಾಳಿಕೋಟೆಯೂ ಮೊನ್ನೆ ಮೊನ್ನೆವರೆಗೆ ಮುದ್ದೇಬಿಹಾಳ ತಾಲೂಕಿನಲ್ಲೇ ಇತ್ತು. ಹಂಪಿ ಹಾಳಾದದ್ದು ಈ ಯುದ್ಧದ ಮೇಲೆ. ಲಾಂಗ್ ವೀಕೆಂಡ್ ಬಂದರೆ ಹಂಪಿಗೆ ಓಡುವ ನಮಗೆ, ಹಂಪಿಯ ಹಣೆಬರಹ ನಮ್ಮ ಬಸ್ ರೂಟಿನಲ್ಲೇ ಬರೆಯಿಸಿಕೊಂಡಿತು ಅನ್ನೋದು ಹೊಳೆಯೋದೇ ಇಲ್ಲ.

ಈಗ ಈ ನಾಲ್ಕೂ ತಾಲೂಕನ್ನ ಒಟ್ಟಿಗೆ ಇಟ್ಟು ನೋಡಿ. ಯಾರು ಓದಬೇಕು, ಯಾರು ಓದಬಾರದು, ಬರೆದದ್ದನ್ನ ಯಾರು ಉಳಿಸಬೇಕು? ಈ ಒಂದು ಜಗಳ ಸಾವಿರ ವರ್ಷದಿಂದ ಈ ಎರೆಮಣ್ಣಿನ ಮೇಲೆ ನಡೆದಿದೆ. ಇಂಥ ನೆಲಕ್ಕೆ ನಾನು ಕೊಟ್ಟ ಹೆಸರು ‘ಬರೀ ಬಿಸಿಲು’.

ನಮ್ಮ ತೊಂದರೆ ಏನು ಗೊತ್ತಾ? ನಾವು ಜಾಗವನ್ನ ಅಳೆಯೋದು ಕ್ಯಾಮೆರಾದಿಂದ. ಹಿಮ, ಕಣಿವೆ, ನೀಲಿ ಸರೋವರ ಇದ್ದರೆ ಅದು ಜಾಗ. ಇಲ್ಲದಿದ್ದರೆ ಅದು ‘ನೇಟಿವ್’. ಹಬ್ಬಕ್ಕೆ ಹೋಗಿ ಹೋಳಿಗೆ ತಿಂದು ಬರೋ ಕಡೆ. ನಮ್ಮ ಸೀಮೆಯ ಸ್ಮಾರಕಗಳು ಕಣ್ಣಿಗೆ ಹೊಡೆಯುವಂಥವಲ್ಲ, ಕೂತು ಓದುವಂಥವು. ಒಂದು ಕಂಬ, ಬೇವಿನ ಮರದ ಬುಡದಲ್ಲಿ ಅರ್ಧ ಹೂತ ವೀರಗಲ್ಲು, ಒಂದು ಊರಿನ ಹೆಸರು. ಓದದಿದ್ದರೆ ಅವು ಬರೀ ಕಲ್ಲು. ಹಾಗೆ ನೋಡಿದರೆ ತಾಬೊ ಕೂಡ ಹೊರಗಿಂದ ಬರೀ ಮಣ್ಣು. ಆದರೆ ಅಲ್ಲಿ ಹೇಳೋರಿದ್ದರು, ಇಲ್ಲಿ ಹೇಳಬೇಕಾದ ನಾನು ಕ್ಯಾಂಟೀನಿನಲ್ಲಿ ನಗುತ್ತಾ ಕೂತಿದ್ದೆ.

“ಹಾಗಾದರೆ ಟೂರಿಸಂ ಡೆವಲಪ್ ಮಾಡಬೇಕು” ಅಂತ ತಕ್ಷಣ ಯಾರಾದರೂ ಎದ್ದು ನಿಲ್ತಾರೆ. ಅಣ್ಣಾ, ಕೂತ್ಕೋ. ನಮ್ಮ ಕಡೆ ಡೆವಲಪ್ ಅಂದರೆ ಏನು ಅಂತ ಆಲಮಟ್ಟಿಯಲ್ಲಿ ನೋಡಿದ್ದೀವಿ. ಉದ್ಯಾನ, ರಾಕ್ ಗಾರ್ಡನ್, ಸಂಗೀತ ಕಾರಂಜಿ. ಚೆನ್ನಾಗಿದೆ, ಮಕ್ಕಳು ಕುಣಿದಾಡ್ತಾರೆ, ನನ್ನದೇನೂ ತಕರಾರಿಲ್ಲ. ಆದರೆ 1964ರಲ್ಲಿ ಅಡಿಗಲ್ಲು ಬಿದ್ದ ಆ ಅಣೆಕಟ್ಟಿನ ಹಿಂದಿನ ನೀರಿನಲ್ಲಿ ಊರುಗಳೇ ಮುಳುಗಿವೆ. ಗುಡಿ, ಗರಡಿಮನೆ, ಹಿರಿಯರ ಗದ್ದಿಗೆ ಎಲ್ಲಾ. ಮಟ್ಟವನ್ನ 519.60 ಮೀಟರಿನಿಂದ 524.256ಕ್ಕೆ ಏರಿಸೋ ಮಾತು ವರ್ಷಗಟ್ಟಲೆ ನಡೆದಿದೆ, ಅಂದರೆ ಇನ್ನಷ್ಟು ಊರು. ನೀರು ಬೇಕು, ನಮ್ಮಂಥ ಬರದ ಸೀಮೆಯವನು ನೀರು ಬೇಡ ಅಂದರೆ ನಾಲಿಗೆ ಬಿದ್ದು ಹೋಗುತ್ತೆ. ನಾನು ಕೇಳೋದಿಷ್ಟೇ: ಕಾರಂಜಿ ನೋಡಲು ಬಂದವನಿಗೆ ಆ ಮುಳುಗಿದ ಊರುಗಳ ಹೆಸರನ್ನೂ ಯಾರಾದರೂ ಓದಿ ಹೇಳಬೇಕಲ್ಲ?

ಇನ್ನು ಹಿಮಾಲಯದ ‘ಡೆವಲಪ್’ ಕತೆ ನಿಮಗೇ ಗೊತ್ತು. 2013ರ ಜೂನಿನಲ್ಲಿ ಕೇದಾರದಲ್ಲಿ ನೀರು ನುಗ್ಗಿದ್ದು, 2023ರ ಜನವರಿಯಲ್ಲಿ ಜೋಶಿಮಠದ ಮನೆಗಳು ಬಿರುಕು ಬಿಟ್ಟಿದ್ದು ನೋಡಿದ್ದೀವಿ. ನಾವು ‘ವ್ಯೂ’ ಅಂತ ಕರೆಯೋದು ಅಲ್ಲಿನವರಿಗೆ ಮನೆ. ನಮಗೆ ಬಾಲ್ಕನಿ ಬೇಕು ಅಂತ ಗುಡ್ಡ ಕಡಿದರೆ ಬಿರುಕು ಬೀಳೋದು ಅವರ ಗೋಡೆಗೆ. ಸಾಲೋಟಗಿಗೆ ಝಿಪ್‌ಲೈನ್ ಬೇಡ, ಸೆಲ್ಫಿ ಪಾಯಿಂಟ್ ಬೇಡ, ‘ಐ ಲವ್ ಸಿಂದಗಿ’ ಅನ್ನೋ ಕೆಂಪು ಅಕ್ಷರದ ಫಲಕವಂತೂ ಬೇಡವೇ ಬೇಡ.

ಹಾಗಾದರೆ ಬೇಕಾಗಿರೋದೇನು? ಒಂದು ಬೋರ್ಡು. ‘ಈ ಕಲ್ಲಿನಲ್ಲಿ ಏನು ಬರೆದಿದೆ’ ಅಂತ ಏಳನೇ ಇಯತ್ತೆಯ ಮಗು ಓದಬಹುದಾದ ಕನ್ನಡದಲ್ಲಿ. ಅದರ ಹತ್ತಿರ ಕುಡಿಯೋ ನೀರು, ಒಂದು ಶೌಚಾಲಯ. ವರ್ಷಕ್ಕೊಮ್ಮೆ ತಾಲೂಕಿನ ಶಾಲೆಗಳ ಮಕ್ಕಳನ್ನ ತಾಲೂಕಿನೊಳಗೇ ಒಂದು ದಿನ ಸುತ್ತಿಸೋ ಬಸ್ಸು. ಮೈಸೂರು ಪ್ರವಾಸಕ್ಕೆ ದುಡ್ಡು ಹೊಂದಿಸೋಕೆ ಆಗದೆ ಮನೆಯಲ್ಲೇ ಉಳಿದ ಹುಡುಗರನ್ನ ನಾನು ನೋಡಿದ್ದೀನಿ. ಅವರಲ್ಲಿ ಒಬ್ಬ ನಾನೇ. ನನಗೆ ಅವತ್ತು ಯಾರಾದರೂ ಸಾಲೋಟಗಿಯ ಹಾಸ್ಟೆಲ್ ಲೆಕ್ಕ ತೋರಿಸಿದ್ದರೆ, ಊರಿನ ಹೆಸರು ಹೇಳುವಾಗ ಈ ವಯಸ್ಸಿನಲ್ಲೂ ತಲೆ ತಗ್ಗಿಸುತ್ತಿರಲಿಲ್ಲ ಅನಿಸುತ್ತೆ.

ಇಷ್ಟೊಂದು ಸಿಟ್ಟು ಯಾಕೆ ಅಂತ ಕೇಳಬಹುದು. ಅದನ್ನೂ ಹೇಳಿಬಿಡ್ತೀನಿ.

ನಮ್ಮೂರ ಹಳ್ಳದ ದಂಡೆಯಲ್ಲಿ ಒಂದು ಕಲ್ಲಿತ್ತು. ಮೇಲೆ ಸೂರ್ಯ ಚಂದ್ರ, ಕೆಳಗೆ ಆಕಳು ಕರು, ಅದರ ಕೆಳಗೆ ಎಂಟೊಂಬತ್ತು ಸಾಲು ಅಕ್ಷರ. ಅವ್ವ ಅದರ ಪಕ್ಕದಲ್ಲೇ ಅರಿಬಿ ಒಗೆಯುವಾಗ ನಾನು ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಕೂತಿರುತ್ತಿದ್ದೆ. ‘ಕ’ದಂಥದ್ದು ಒಂದು ಗುರುತು ಸಿಗುತ್ತಿತ್ತು. ಸಾಲೋಟಗಿ ಓದಿದ ರಾತ್ರಿ ಆ ಕಲ್ಲು ನೆನಪಾಯಿತು. ಬೆಳಿಗ್ಗೆ ಎದ್ದವನೇ ಫೋನ್ ಹಚ್ಚಿದೆ. ಅದರ ಒಂದು ಫೋಟೋ ತೆಗೆಸಿ ಕಳಿಸವ್ವಾ, ಓದಬಲ್ಲವರಿಗೆ ತೋರಿಸ್ತೀನಿ ಅಂದೆ.

“ಯಾವ ಕಲ್ಲೋ? ಹಳ್ಳದಾಗಿಂದಾ? ರೋಡ್ ಮಾಡೋರು ಅದನ್ನ ಒಡದು ಸಣ್ಣ ಪೂಲಿನ ಬುಡಕ್ಕ ಹಾಕಿದ್ರಲ್ಲೋ ತಮ್ಮಾ. ಎರಡು ವರ್ಷಾತು.”

“ಯಾರೂ ಬ್ಯಾಡ ಅನ್ನಲಿಲ್ಲೇನವ್ವಾ?”

“ಯಾರ ಅಂತಾರ? ಅದರಾಗ ಏನೈತಿ ಅಂತ ಯಾರಿಗೆ ಗೊತ್ತಿತ್ತು?”

ನನ್ನ ಫೋನಿನಲ್ಲಿ ಸ್ಪಿತಿಯ ಫೋಟೋ ಎರಡು ಸಾವಿರ ಚಿಲ್ಲರೆ ಇವೆ. ಆ ಕಲ್ಲಿನದ್ದು ಒಂದೂ ಇಲ್ಲ. ಅದರಲ್ಲಿ ಯಾರ ಹೆಸರಿತ್ತೋ, ಯಾವ ಕೆರೆಗೆ ಯಾರು ಹೊಲ ಬಿಟ್ಟುಕೊಟ್ಟಿದ್ದರೋ, ಇನ್ನು ಯಾರಿಗೂ ತಿಳಿಯೋದಿಲ್ಲ. ಗುತ್ತಿಗೆದಾರನನ್ನ ಬೈಯೋದು ಸುಲಭ. ಅವನಿಗೆ ಅದು ಕಲ್ಲು. ಓದು ಕಲಿತು, ರಜೆಗೆ ಹತ್ತು ಸಲ ಊರಿಗೆ ಹೋಗಿ, ಅದರ ಮುಂದೆಯೇ ಬೈಕ್ ನಿಲ್ಲಿಸಿ ಫೋನ್ ನೋಡ್ತಾ ನಿಂತಿದ್ದವನು ನಾನು.

ಹಿಮಾಲಯಕ್ಕೆ ಹೋಗಬೇಡಿ ಅಂತ ನಾನು ಹೇಳಲ್ಲ. ಹೋಗಿ, ನಾನೂ ಮತ್ತೆ ಹೋಗ್ತೀನಿ. ಆದರೆ ಮುಂದಿನ ಸಲ ಜಾತ್ರೆಗೋ ಕಾರಹುಣ್ಣಿಮೆಗೋ ಊರಿಗೆ ಹೋದಾಗ ಒಂದು ಮುಂಜಾನೆ, ಬಿಸಿಲು ಅಡ್ಡಲಾಗಿ ಬೀಳೋ ಹೊತ್ತಿಗೆ, ಹನುಮಪ್ಪನ ಗುಡಿ ಹಿಂದೆ, ಕೆರೆ ಏರಿ ಮೇಲೆ, ಹಳ್ಳದ ದಂಡೆಯಲ್ಲಿ ಇರೋ ಕಲ್ಲುಗಳ ಹತ್ತಿರ ಹೋಗಿ ನಿಲ್ಲಿ. ಅಡ್ಡಬೆಳಕಿನಲ್ಲಿ ಅಕ್ಷರ ಎದ್ದು ಕಾಣ್ತಾವೆ. ಸುಣ್ಣ, ಎಣ್ಣೆ, ಪೇಂಟ್ ಹಚ್ಚಬೇಡಿ. ಫೋಟೋ ತೆಗೆಯಿರಿ. ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೋ, ಶಾಸನ ಓದಬಲ್ಲ ಯಾರಿಗೋ ಕಳಿಸಿ. ಪಂಚಾಯತಿಯಲ್ಲಿ ಒಂದು ಅರ್ಜಿ ಕೊಡಿ. ಹೆಚ್ಚೆಂದರೆ ಅರ್ಧ ದಿನದ ಕೆಲಸ.

ಮೊನ್ನೆ ಕ್ಯಾಂಟೀನಿನಲ್ಲಿ ಇನ್ನೊಬ್ಬ ಹೊಸಬ ಬಂದಿದ್ದ. ಅದೇ ಪ್ರಶ್ನೆ, ನಿಮ್ಮ ಕಡೆ ನೋಡೋಕೆ ಏನಿದೆ ಅಂತ.

“ಒಂದು ಹಾಸ್ಟೆಲ್ ಲೆಕ್ಕ ಇದೆ, 945ರದ್ದು. ಕುರ್ಚಿ ಎಳ್ಕೊ, ಸ್ವಲ್ಪ ಉದ್ದ ಇದೆ” ಅಂದೆ.