ಕೀಲಿಕೈ ಕೊಟ್ಟರೆ ಹಸ್ತಾಂತರವಾಯಿತೇ?

ಸಾರ್ವಜನಿಕ ಯೋಜನೆಯೊಂದರ ಹಸ್ತಾಂತರವೆಂದರೆ ಸಾಮಾನ್ಯವಾಗಿ ಒಂದು ಕಡತ, ಎರಡು ಸಹಿ, ಒಂದು ಭಾವಚಿತ್ರ. ಪಂಪು, ಕೊಳವೆ, ಮೀಟರುಗಳ ಪಟ್ಟಿ ಕೈ ಬದಲಾಗುತ್ತದೆ. ಅವುಗಳನ್ನು ವರ್ಷಗಟ್ಟಲೆ ನಡೆಸಿದವರ ತಿಳಿವಳಿಕೆ ಮಾತ್ರ ಯಾವ ಪಟ್ಟಿಗೂ ಸೇರುವುದಿಲ್ಲ. ಇದರ ಪರಿಣಾಮವನ್ನು ಅರಿಯಲು ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರಿನ ವ್ಯವಸ್ಥೆಯನ್ನು ನೋಡಬಹುದು. ಈ ಅವಳಿನಗರ ಮಲೆನಾಡಿಗೆ ಅಪರಿಚಿತವೇನಲ್ಲ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯನ್ನು ಸವದತ್ತಿಯ ಬಳಿ ತಡೆದು ತಂದ ನೀರೇ ಅದಕ್ಕೆ ಮುಖ್ಯ ಆಧಾರ. ಬೇಡ್ತಿ ಹಳ್ಳಕ್ಕೆ 1955ರಲ್ಲಿ ಕಟ್ಟಿದ ನೀರಸಾಗರವೂ ಹುಬ್ಬಳ್ಳಿಗೆ ನೀರುಣಿಸುತ್ತ ಬಂದಿದೆ.

ಎರಡು ದಶಕಗಳಲ್ಲಿ ಈ ವ್ಯವಸ್ಥೆ ಹಲವು ಕೈಗಳನ್ನು ಕಂಡಿತು. ಮಹಾನಗರ ಪಾಲಿಕೆಯ ಬಳಿಯಿದ್ದ ನಿರ್ವಹಣೆ 2000ರ ದಶಕದ ಮೊದಲ ಭಾಗದಲ್ಲಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಗೆ ಹೋಯಿತು. 2004ರಲ್ಲಿ ಮಂಜೂರಾದ ವಿಶ್ವಬ್ಯಾಂಕಿನ ಸಾಲದಿಂದ ಆಗಿನ 67 ವಾರ್ಡುಗಳ ಪೈಕಿ 8ರಲ್ಲಿ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ನಡೆದು, ಅದರ ಹೊಣೆ ಫ್ರಾನ್ಸ್ ಮೂಲದ ವೆಯೋಲಿಯಾ ಕಂಪನಿಯದಾಯಿತು. ಉಳಿದ ವಾರ್ಡುಗಳ ಜನ ಹಲವು ದಿನಗಳಿಗೊಮ್ಮೆ ಬರುವ ನಳಕ್ಕೆ ಕಾಯುತ್ತಲೇ ಇದ್ದರು. 2022ರಲ್ಲಿ ಇಡೀ ನಗರದ ಸರಬರಾಜು ಮಂಡಳಿಯ ಕೈಯಿಂದ ಎಲ್ ಅಂಡ್ ಟಿ ಕಂಪನಿಗೆ ದಾಟಿತು.

ನಿರಂತರ ನೀರಿನ ಗುರಿ ತಪ್ಪೆಂದು ಹೇಳಲಾಗದು. ಇದೇ ನಗರದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿರಂತರ ನೀರು ಪಡೆದ ಬಡಾವಣೆಗಳಲ್ಲಿ ಒಟ್ಟಾರೆ ಅತಿಸಾರ ಗಮನಾರ್ಹವಾಗಿ ಇಳಿಯದಿದ್ದರೂ, ಟೈಫಾಯ್ಡ್ ಮತ್ತು ಬಡಮನೆಗಳ ಮಕ್ಕಳ ರಕ್ತಭೇದಿ ಕಡಿಮೆ ಕಂಡುಬಂದವು. ಪ್ರಶ್ನೆ ಗುರಿಯದಲ್ಲ, ದಾಟುವ ರೀತಿಯದು.

ಹಲವು ದಿನಗಳಿಗೊಮ್ಮೆ ನೀರು ಬಿಡುವ ಊರನ್ನು ನಡೆಸುವವರು ವಾಲ್ವ್ ತಿರುಗಿಸುವ ಕೆಲಸಗಾರರು. ಯಾವ ಓಣಿಯ ವಾಲ್ವ್ ಎಷ್ಟು ಸುತ್ತು ತೆರೆದರೆ ಏರಿನ ಕೊನೆಯ ಮನೆಗೆ ನೀರು ಮುಟ್ಟುತ್ತದೆ, ಎಲ್ಲಿ ಹಳೆಯ ಕೊಳವೆ ಒತ್ತಡ ತಾಳದು, ರಸ್ತೆ ಅಗಲಿಸುವಾಗ ಡಾಂಬರಿನಡಿ ಹೂತುಹೋದ ವಾಲ್ವ್ ಯಾವ ಮರದ ಎದುರಿನದು, ಇವೆಲ್ಲ ಅವರ ನೆನಪಿನಲ್ಲಿರುವ ಸಂಗತಿಗಳು. 2010ರ ನಂತರ ಹುಬ್ಬಳ್ಳಿಯಲ್ಲಿ ಆರಂಭವಾದ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ, ನೀರು ಬರುವ ವೇಳೆಯನ್ನು ಮೊಬೈಲ್ ಸಂದೇಶದಲ್ಲಿ ಮನೆಗಳಿಗೆ ತಿಳಿಸುವುದಕ್ಕೆ ಇದೇ ಕೆಲಸಗಾರರ ಫೋನ್ ಕರೆಗಳನ್ನು ಅವಲಂಬಿಸಬೇಕಾಯಿತು. ಆ ಸುದ್ದಿ ಕಚೇರಿಯ ಕಡತದಿಂದ ಸಿಗುವಂಥದ್ದಾಗಿರಲಿಲ್ಲ.

2022ರ ಹಸ್ತಾಂತರದಲ್ಲಿ ಬಿಗಡಾಯಿಸಿದ್ದು ಈ ಜಾಗದಲ್ಲಿಯೇ. ಮಂಡಳಿಯ ಹೊರಗುತ್ತಿಗೆ ನೌಕರರು ತಮ್ಮ ಉದ್ಯೋಗದ ಗತಿಯೇನೆಂದು ಬೀದಿಗಿಳಿದರು. ನೀರಿನ ಸರದಿ ಹಿಗ್ಗಿತೆಂದು ಬಡಾವಣೆಗಳಲ್ಲಿ ಕೂಗೆದ್ದಿತು. ಹೊಸ ಜಾಲ ಮುಗಿದ ಮೇಲೆ ಹಳೆಯ ತಿಳಿವಳಿಕೆ ಬೇಡವಾಗುತ್ತದೆ ಎಂಬ ವಾದವುಂಟು. ಆದರೆ ಹೊಸ ಕೊಳವೆ ಹೂಳಲು ವರ್ಷಗಳು ಹಿಡಿಯುತ್ತವೆ, ಅಷ್ಟು ಕಾಲವೂ ಜನ ಹಳೆಯ ಕೊಳವೆಯ ನೀರನ್ನೇ ಕುಡಿಯಬೇಕು. ಹಳೆಯ ನೌಕರರ ಪರವಾಗಿ ಮಾತನಾಡುವವರೂ ಒಂದನ್ನು ಒಪ್ಪಬೇಕು: ವಾಲ್ವಿನ ಗುಟ್ಟು ಒಬ್ಬರ ಕೈಯಲ್ಲಿದ್ದಾಗ ಬೇಕಾದವರ ಓಣಿಗೆ ಒಂದು ಗಳಿಗೆ ಹೆಚ್ಚು ನೀರು ಹರಿಯುವ ಅವಕಾಶವೂ ಇರುತ್ತದೆ. ಆದ್ದರಿಂದಲೇ ಆ ಗುಟ್ಟು ನಕ್ಷೆಯಾಗಿ, ಬರಹವಾಗಿ, ಓಣಿಯವರಿಗೂ ಕಾಣುವಂತೆ ಹೊರಬರಬೇಕು. ಅದಕ್ಕೆ ಹಳೆಯವರೂ ಹೊಸಬರೂ ಒಂದು ಬೇಸಿಗೆ, ಒಂದು ಮಳೆಗಾಲ ಜೊತೆಯಾಗಿ ದುಡಿಯಬೇಕು, ಆ ಅವಧಿಯ ಸಂಬಳ ಯಾರದೆಂದು ಕರಾರಿನಲ್ಲಿಯೇ ಬರೆದಿರಬೇಕು. ನಾಳೆ ಮನೆಗೆ ಹೋಗುವವನು ಇಂದು ತನ್ನ ವಿದ್ಯೆಯನ್ನು ಏಕೆ ಹೇಳಿಕೊಟ್ಟಾನು?

ಇದು ನಗರದ ತಾಪತ್ರಯವೆಂದು ಬೆಟ್ಟದ ಊರುಗಳು ಸುಮ್ಮನಿರುವಂತಿಲ್ಲ. 2019ರಲ್ಲಿ ಘೋಷಣೆಯಾದ ಜಲಜೀವನ ಯೋಜನೆಯಲ್ಲಿ ಗುತ್ತಿಗೆದಾರರು ಕಟ್ಟಿದ ಟ್ಯಾಂಕು, ಹಾಸಿದ ಕೊಳವೆ, ಜೋಡಿಸಿದ ನಲ್ಲಿಗಳು ಗ್ರಾಮ ಪಂಚಾಯಿತಿಯ ವಶಕ್ಕೆ ಬರುತ್ತವೆ. ಅಬ್ಬಿಯ ನೀರನ್ನು ಅಡಿಕೆ ದಂಬೆಯಲ್ಲಿ ಹರಿಸಿಕೊಂಡವರಿಗೆ ದಂಬೆ ಎಲ್ಲಿ ಕಟ್ಟಿಕೊಳ್ಳುತ್ತದೆಂದು ಯಾರೂ ಹೇಳಬೇಕಿರಲಿಲ್ಲ. ನೆಲದಡಿಯ ಕೊಳವೆಯ ವಿಷಯ ಹಾಗಲ್ಲ. ಕೊಳವೆ ಹೂತ ದಾರಿಯ ನಕ್ಷೆ, ಪಂಪಿನ ದುರಸ್ತಿ ಪುಸ್ತಕ, ವಿದ್ಯುತ್ ಬಿಲ್ಲಿನ ಬಾಕಿ, ನೀರುಗಂಟಿಗೆ ದೊರೆತ ತರಬೇತಿ, ಇವನ್ನು ಗ್ರಾಮಸಭೆಯ ಎದುರಿಟ್ಟು ಕೇಳಿದ ಮೇಲೆಯೇ ಸಹಿಯ ಮಾತು. ಆ ಸಹಿಯನ್ನು ಆಷಾಢದಲ್ಲಿ ಹಾಕಬಾರದು. ಆಗ ಮಲೆನಾಡಿನಲ್ಲಿ ಯಾವ ಬಾವಿಯೂ ತುಂಬಿಯೇ ಇರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ದಿಬ್ಬದ ಮೇಲಿನ ಕಟ್ಟಕಡೆಯ ಮನೆಯ ನಲ್ಲಿಯನ್ನು ತಿರುಗಿಸಿ ನೋಡಿ, ಕೊಡ ತುಂಬಿದ ಮೇಲೆ ಹಾಕಬೇಕು.