ಊರಿಗೆ ಬಂದವರು ನೀರಿಗೆ ಬಾರದಿದ್ದರೆ ಹೇಗೆ?

‘ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?’ ಎಂಬುದು ನಮ್ಮ ಹಳೆಯ ಗಾದೆ. ಚೆನ್ನೈಗೆ ಬಂದು ಎರಡು ಮೂರು ತಲೆಮಾರು ಕಳೆದಿರುವ ನಮ್ಮ ಕನ್ನಡ ಕುಟುಂಬಗಳ ಮಟ್ಟಿಗೆ ಮಾತ್ರ ಈ ಗಾದೆ ಸುಳ್ಳಾಗಿದೆ. ಈ ನಗರದ ನೀರಿಗಾಗಿ ಎಣ್ಣೂರಿನ ಮೀನುಗಾರರು ವರ್ಷಗಟ್ಟಲೆ ಹೋರಾಡುತ್ತಿದ್ದಾರೆ. ನಾವೋ, ‘ಅದು ಅವರ ಹೊಟ್ಟೆಪಾಡು, ಪರಊರಿನವರಾದ ನಮಗೇಕೆ?’ ಎಂದು ಪತ್ರಿಕೆಯ ಪುಟ ಮಗುಚುತ್ತೇವೆ.

ಅವರ ದೂರಾದರೂ ಏನು? ಕೊಸಸ್ತಲೈ ನದಿ ಕಡಲು ಸೇರುವ ಎಣ್ಣೂರಿನ ಅಳಿವೆಯಲ್ಲಿ ಬಲೆ ಬೀಸಿ ಬದುಕಿದವರು ಅವರು; ಬರಿಗೈಯಿಂದ ಸಿಗಡಿ ಹಿಡಿಯುವ ಇರುಳರೂ ಅಲ್ಲಿದ್ದಾರೆ. ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಒಡೆದ ಕೊಳವೆಗಳಿಂದ ಸುರಿದು ಹೊಳೆಯ ಆಳವನ್ನೇ ತುಂಬಿತು. 1996ರ ಸರ್ಕಾರಿ ನಕ್ಷೆಯಲ್ಲಿದ್ದ ಅಳಿವೆ, 2017ರಲ್ಲಿ ಬೆಳಕಿಗೆ ಬಂದ ಮತ್ತೊಂದು ಸರ್ಕಾರಿ ನಕ್ಷೆಯಲ್ಲಿ ಮಾಯವಾಗಿತ್ತು! ಮೀನುಗಾರರು ಪಟ್ಟು ಬಿಡದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿದರು. 2022ರಲ್ಲಿ ಮಂಡಳಿಯ ದಕ್ಷಿಣ ಪೀಠವು ವಿದ್ಯುತ್ ನಿಗಮವನ್ನು ಹೊಣೆ ಮಾಡಿ, ಬೂದಿ ತೆಗೆಯಬೇಕೆಂದು ಹೇಳಿತು. ಮರುವರ್ಷ, 2023ರ ಡಿಸೆಂಬರಿನಲ್ಲಿ, ಮಿಚಾಂಗ್ ಚಂಡಮಾರುತದ ನೆರೆಯೊಡನೆ ಮಣಲಿಯ ಕಡೆಯಿಂದ ತೈಲ ಹರಿದುಬಂದು ಅಳಿವೆಯನ್ನು ಕಪ್ಪಾಗಿಸಿತು. ಮೊದಲ ದಿನಗಳಲ್ಲಿ ಅದನ್ನು ಬಕೆಟ್ಟು ಚೊಂಬುಗಳಲ್ಲಿ ಮೊಗೆದವರೂ ಮೀನುಗಾರರೇ.

‘ಹಾಗಾದರೆ ವಿದ್ಯುತ್ತು ಬೇಡವೇ? ಕಾರ್ಖಾನೆ ಬೇಡವೇ?’ ಎಂದು ಕೇಳುವ ಮಿತ್ರರಿದ್ದಾರೆ. ಯಾರು ಬೇಡವೆಂದರು? ಬೂದಿ ಬೂದಿಯ ಗುಂಡಿಯಲ್ಲಿರಲಿ, ಹೊಳೆ ಹೊಳೆಯ ಜಾಗದಲ್ಲಿರಲಿ ಎನ್ನುವುದು ಪ್ರಗತಿಗೆ ವಿರೋಧವೇ? ಉತ್ತರ ಚೆನ್ನೈನ ಮಳೆನೀರು ಕಡಲಿಗೆ ಹೋಗುವ ಬಾಗಿಲು ಆ ಅಳಿವೆ. ಬಾಗಿಲು ಹೂತುಹೋದರೆ ನೀರು ಮನೆಗಳಿಗೆ ನುಗ್ಗುತ್ತದೆ. ಆಗ ಅದು ತಮಿಳರ ಮನೆ, ಕನ್ನಡಿಗರ ಮನೆ ಎಂದು ನೋಡುವುದಿಲ್ಲ.

ಇದಕ್ಕೆಲ್ಲ ಮೂಲ ಒಂದು ಮಾತಿನಲ್ಲಿದೆ. ಊರಿನ ಎಲ್ಲರ ಬಳಕೆಗೆಂದು ಕಂದಾಯವಿಲ್ಲದೆ ಬಿಟ್ಟ ಕೆರೆ, ಹೊಳೆದಂಡೆ, ಗೋಮಾಳಗಳಿಗೆ ತಮಿಳಿನಲ್ಲಿ ‘ಪೊರಂಬೋಕ್ಕು’ ಎಂದು ಹೆಸರು. ಇಂದು ಅದು ಕೆಲಸಕ್ಕೆ ಬಾರದವನನ್ನು ಬೈಯುವ ಮಾತು. ನಾವೇನು ಮೇಲೆ? 1956ರವರೆಗೆ ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡದ ದಾಖಲೆಗಳಲ್ಲಿಯೂ ‘ಪರಂಬೋಕು’ ಇದೆ. ಮೈಸೂರು ಸೀಮೆಯಲ್ಲಿ ಅದು ‘ಖರಾಬು’. ಎಲ್ಲರ ಸ್ವತ್ತನ್ನು ಕೆಟ್ಟದ್ದೆಂದು ಕರೆದ ಮೇಲೆ ಕೆಡಿಸುವುದಕ್ಕೆ ಅಂಜಿಕೆಯೆಲ್ಲಿ? 2017ರಲ್ಲಿ ಟಿ. ಎಂ. ಕೃಷ್ಣ ಅವರು ಈ ಪದವನ್ನೇ ಹಿಡಿದು ಎಣ್ಣೂರಿಗಾಗಿ ಹಾಡಿದಾಗ ಸಂಗೀತರಸಿಕರಾದ ನಮ್ಮಲ್ಲಿ ಎಷ್ಟು ಮಂದಿ ಕಿವಿಗೊಟ್ಟೆವು?

ನಮ್ಮ ನಾಡಿನ ನಿದರ್ಶನವೊಂದನ್ನು ನೋಡಿ. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾದ ಗಾಳ ಹಾಕುವ ಹವ್ಯಾಸಿಗಳು, ಕಾವೇರಿಯಲ್ಲಿ ಸಿಡಿಮದ್ದು ಹಾಕಿ ಮೀನು ಕೊಲ್ಲುವುದನ್ನು ತಡೆಯಲು ಕಾವಲಿಟ್ಟರು; ಹಿಡಿದ ಮಹಶೀರನ್ನು ಮತ್ತೆ ನೀರಿಗೇ ಬಿಟ್ಟರು. ಅವರನ್ನು ಪರಿಸರಪ್ರೇಮಿಗಳೆಂದು ಕೊಂಡಾಡಿದೆವು, ಸರಿಯೇ. ಆದರೆ ಹವ್ಯಾಸಕ್ಕೆ ಗಾಳ ಹಾಕುವವನು ನದಿ ಉಳಿಸಿದರೆ ಪ್ರೇಮಿ, ಹೊಟ್ಟೆಗಾಗಿ ಬಲೆ ಬೀಸುವವನು ಉಳಿಸಿದರೆ ತಂಟೆಕೋರ, ಇದು ಯಾವ ನ್ಯಾಯ? ನೀರು ಕೆಟ್ಟದ್ದು ಮೊದಲು ತಿಳಿಯುವುದು ಇವರಿಬ್ಬರಿಗೇ ಅಲ್ಲವೇ?

2004ರಿಂದ ವೀರಾಣಂ ಕೆರೆಯ ಮೂಲಕ ಕಾವೇರಿಯ ನೀರು ಚೆನ್ನೈಗೆ ಬರುತ್ತಿದೆ. ಕೊಡಗಿನಲ್ಲಿ ಹುಟ್ಟಿದ ಹೊಳೆಯ ನೀರನ್ನು ಇಲ್ಲಿ ಕುಡಿಯುವ ನಾವು ಇಲ್ಲಿಯ ಹೊಳೆಯ ವಿಷಯದಲ್ಲಿ ಹೊರಗಿನವರಾಗಿ ನಿಲ್ಲುವುದು ಶೋಭಿಸದು. ಪ್ರತಿ ವರ್ಷವೂ ಮಕ್ಕಳನ್ನು ಮಹಾಬಲಿಪುರಕ್ಕೇ ಕರೆದೊಯ್ಯಬೇಕೆ? ಈ ಸಲ ಬಸ್ಸು ಎಣ್ಣೂರಿಗೆ ಹೊರಡಲಿ. ರಾಜ್ಯೋತ್ಸವದ ವೇದಿಕೆಯಲ್ಲಿ ಅಲ್ಲಿಯ ಮೀನುಗಾರರೊಬ್ಬರು ತಮಿಳಿನಲ್ಲಿಯೇ ಹತ್ತು ನಿಮಿಷ ಮಾತನಾಡಲಿ. ಬೂದಿ ತೆಗೆಯುವ ಆದೇಶ ಪೂರ್ತಿಯಾಗಿ ಜಾರಿಯಾಗಲೆಂಬ ಮನವಿಗೆ ಸಂಘದ ಸದಸ್ಯರು ಸಹಿ ಹಾಕಲಿ. ಕಾರ್ಯಕಾರಿ ಸಮಿತಿಯು ಮುಂದಿನ ಸಭೆಯಲ್ಲಿಯೇ ಇದನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ನನ್ನ ಆಗ್ರಹ.