ಹೊಟ್ಟಿಗೂ ಒಂದು ಬೆಲೆ ಇದೆ

ಮುಂಗಾರಿಗೆ ಮುಂಚೆ ಕುಂದುರ್ಪಿ ಕಡೆ ಒಂದು ಕಾಯಿ ಒಡೆಯುವ ಮಿಷನ್ ಮುಂದೆ ಅರ್ಧ ದಿನ ಕೂತಿದ್ದೆ. ಒಬ್ಬ ರೈತ ಬಿತ್ತನೆಗೆಂದು ಕಡ್ಲೆಕಾಯಿ ಒಡೆಸಿ, ಬೀಜವನ್ನಷ್ಟೇ ಚೀಲಕ್ಕೆ ತುಂಬಿಕೊಂಡು ಹೊರಟ. "ಹೊಟ್ಟು ಬಿಟ್ಟು ಹೋಗ್ತಿದ್ದೀಯಲ್ಲಪ್ಪ?" ಎಂದೆ. "ಅದೇನ್ ಮಾಡೋದು ಸ್ವಾಮಿ, ಪೊಟ್ಟು ಯಾರ್ ಕೊಳ್ತಾರೆ?" ಅಂದ. ಅವನು ಹೋದ ಗಂಟೆಯೊಳಗೆ ಲಾರಿ ಬಂತು, ಹೊಟ್ಟು ತುಂಬಿಕೊಂಡು ಇಟ್ಟಿಗೆ ಗೂಡಿಗೆ ಹೋಯಿತು. ಕೊಳ್ಳುವವನಿದ್ದ, ಮಾರಿದವನು ಮಾತ್ರ ಬೆಳೆದವನಲ್ಲ.

ಲೆಕ್ಕ ಕಷ್ಟದ್ದಲ್ಲ. ಒಂದು ಕ್ವಿಂಟಾಲ್ ಕಾಯಿ ಒಡೆದರೆ 25ರಿಂದ 30 ಕೆ.ಜಿ. ಹೊಟ್ಟು. ಒಣಗಿದ ಹೊಟ್ಟು ಕೊಡುವ ಕಾವು ನಮ್ಮ ದೇಶದ ಸಾಧಾರಣ ಕಲ್ಲಿದ್ದಲಿಗೆ ಹೆಚ್ಚೂಕಡಿಮೆ ಸಮ; ಬೂದಿ ಅದಕ್ಕಿಂತ ಬಹಳ ಕಡಿಮೆ. ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳು ಶೇ. 5ರಷ್ಟು ಕೃಷಿ ತ್ಯಾಜ್ಯದ ಉಂಡೆಗಳನ್ನು ಬೆರೆಸಿ ಉರಿಸಬೇಕೆಂದು ಕೇಂದ್ರ ಸರ್ಕಾರ 2021ರ ಅಕ್ಟೋಬರಿನಲ್ಲೇ ಹೇಳಿದೆ. ನಮ್ಮ ಕಡೆಯಿಂದ ಬಳ್ಳಾರಿ ಜಿಲ್ಲೆಯ ಕುಡತಿನಿ ಸ್ಥಾವರ ತೀರಾ ದೂರವೇನಲ್ಲ.

ಹೊರದೇಶದ ಕಡೆಗೂ ಒಮ್ಮೆ ನೋಡೋಣ. ಮರದ ಚಕ್ಕೆ ರಫ್ತಿನಲ್ಲಿ ಇಂದು ಪ್ರಪಂಚಕ್ಕೇ ಮುಂದಿರುವುದು ವಿಯೆಟ್ನಾಂ. ಅಲ್ಲಿನ ಬೆಳೆಗಾರರಲ್ಲಿ ಬಹಳಷ್ಟು ಮಂದಿ ನಮ್ಮಂಥ ಸಣ್ಣ ಹಿಡುವಳಿದಾರರೇ. ಅಕೇಶಿಯಾ ನೆಟ್ಟು, ಐದಾರು ವರ್ಷಕ್ಕೆ ಕಡಿದು, ಚಕ್ಕೆ ಮಾಡಿಸಿ ಚೀನಾ, ಜಪಾನ್‌ಗಳಿಗೆ ಕಳಿಸುತ್ತಾರೆ. ಇದನ್ನು ಕಂಡು ನಾವೂ ಹೊಲಕ್ಕೆಲ್ಲ ಮರ ನೆಡೋಣವೆಂದರೆ ಕೆಟ್ಟೆವು. ಅಲ್ಲಿ ಬೀಳುವ ಮಳೆಯ ಮೂರರಲ್ಲೊಂದು ಪಾಲೂ ನಮಗಿಲ್ಲ. ಅನಂತಪುರದ ವಾರ್ಷಿಕ ಮಳೆ 550 ಮಿ.ಮೀ. ಆಸುಪಾಸು. ನೀಲಗಿರಿ ನೆಟ್ಟು ಅನುಭವಿಸಿದ ಮೇಲೆ ಕರ್ನಾಟಕ ಸರ್ಕಾರವೇ 2017ರಲ್ಲಿ ಹೊಸದಾಗಿ ಅದನ್ನು ನೆಡಬಾರದೆಂದಿತು.

ಹಾಗಾದರೆ ವಿಯೆಟ್ನಾಂನಿಂದ ಕಲಿಯಬೇಕಾದ್ದು ಮರವನ್ನಲ್ಲ, ಒಗ್ಗಟ್ಟಿನ ಮಾರಾಟವನ್ನು. ಎಕರೆ, ಎರಡೆಕರೆಯವರ ಸರಕೂ ಒಂದೆಡೆ ಸೇರಿದರೆ ಹಡಗು ತುಂಬುತ್ತದೆ. ನಮ್ಮ ಬೆಳೆ ಈಗಾಗಲೇ ಹೊಲದಲ್ಲಿದೆ: ಕಡ್ಲೆಕಾಯಿ ಹೊಟ್ಟು, ತೊಗರಿ ಕಟ್ಟಿಗೆ, ಔಡಲ ಕಡ್ಡಿ. ಇವಕ್ಕೆ ಸೇರಿಸಿ ಬಳ್ಳಾರಿ ಜಾಲಿ. ಸೌದೆಗಾಗಿ ಇದರ ಬೀಜ ತರಿಸಿ ಕಡಪ ಜಿಲ್ಲೆಯ ಕಮಲಾಪುರಂ ಕಡೆ ಬಿತ್ತಿದ್ದು 1877ರ ಸುಮಾರಿಗೆ. ಈಗ ಕೆರೆ ಅಂಗಳ, ಗೋಮಾಳ ಎಲ್ಲ ಅದರದ್ದೇ. ಕಡಿದಷ್ಟೂ ಚಿಗುರುತ್ತದೆ, ಆದ್ದರಿಂದ ಬೇರು ಸಮೇತ ಕಿತ್ತರೆ ಸೌದೆಯೂ ಆಯಿತು, ನೆಲವೂ ಬಿಡುಗಡೆಯಾಯಿತು.

ತೊಡಕು ಎಲ್ಲಿದೆ? ಹೊಟ್ಟು ಬಹಳ ಹಗುರ. ಲಾರಿ ತುಂಬಿದರೂ ತೂಕ ಬರದು. ಬಾಡಿಗೆಯೇ ಲಾಭ ನುಂಗುತ್ತದೆ. ಊರಲ್ಲೇ ಒತ್ತಿ ಉಂಡೆ ಮಾಡಿದರೆ ಮಾತ್ರ ದೂರಕ್ಕೆ ಸಾಗಿಸಲು ಗಿಟ್ಟೀತು. ಕುಂದುರ್ಪಿ, ಪಾವಗಡ, ಮಡಕಶಿರಾ ಕಡೆಯ ರೈತರು ಕೂಡಿ ಒಂದು ಒತ್ತುವ ಯಂತ್ರ ಹಾಕಿಕೊಂಡರೆ ಯಂತ್ರಕ್ಕೆ ವರ್ಷವಿಡೀ ಕೆಲಸ ಇರುತ್ತದೆ. ಅದು ಮುಖ್ಯ. ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲೇ ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು ಸೌದೆ ಅನಿಲದಿಂದ ದೀಪ ಹೊತ್ತಿಸಿ, ನೀರೆತ್ತಿಸಿ, ಹಿಟ್ಟಿನ ಗಿರಣಿ ಓಡಿಸಿ ತೋರಿಸಿದರು. ಯಂತ್ರ ನಮಗೆ ಹೊಸತಲ್ಲ. ಹೊಸತಾಗಿ ಬೇಕಾದ್ದು ಕಟ್ಟುಪಾಡು.

ಗಡಿಯ ಮಾತೂ ಇದೆ. ಕರ್ನಾಟಕದ್ದು 1963ರ ಅರಣ್ಯ ಕಾಯಿದೆ, ಆಂಧ್ರದ್ದು 1967ರದು. ನಡುವೆ ಓಡಾಡುವ ವ್ಯಾಪಾರಿ ಎರಡನ್ನೂ ತಿಳಿದಿರಬೇಕು. ಪಟ್ಟಾ ಹೊಲದ ಜಾಲಿ ಚಕ್ಕೆಗೆ, ಕೃಷಿ ತ್ಯಾಜ್ಯದ ಉಂಡೆಗೆ ಏನು ಕಾಗದ ಬೇಕು, ಏನು ಬೇಡ ಎಂಬುದನ್ನು ಎರಡೂ ಸರ್ಕಾರಗಳು ಕನ್ನಡ, ತೆಲುಗು ಎರಡರಲ್ಲೂ ಅಚ್ಚು ಹಾಕಿಸಿ ಪ್ರತಿ ಚೆಕ್‌ಪೋಸ್ಟಿನಲ್ಲಿ ಅಂಟಿಸಲಿ. ಇದು ದೊಡ್ಡ ಖರ್ಚಿನ ಬಾಬಲ್ಲ.

ಒಂದು ಎಚ್ಚರಿಕೆ. ಕಡ್ಲೆಬಳ್ಳಿ ದನದ ಮೇವು. ಅದನ್ನು ಒಲೆಗೆ ಮಾರಬೇಡಿ. ದುಡ್ಡಿನಾಸೆಗೆ ಬದುವಿನ ಬೇವು, ಹೊಂಗೆ, ಹುಣಸೆಗೆ ಕೊಡಲಿ ಹಾಕಬೇಡಿ. ಆದರೆ ಮುಂದಿನ ಸಲ ಕಾಯಿ ಒಡೆಸಿದಾಗ ಹೊಟ್ಟನ್ನು ತೂಗಿಸಿ, ರೇಟು ಕೇಳಿ. ಹೊಟ್ಟು ಅಂದರೂ ಸರಿ, ಪೊಟ್ಟು ಅಂದರೂ ಸರಿ, ಬೆಳೆದವರು ನೀವು.